ಟವರ್‌ನ ಕಿವಿ

ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಎರಡೋ ಮೂರೋ ಇರುತ್ತದೆ. ಆದರೂ ನಮ್ಮ ಮಾತು ಆ ಕಡೆಯವರಿಗೆ ಕೇಳಿಸುವುದಿಲ್ಲ. "ಹಲೋ, ಹಲೋ" ಅನ್ನುತ್ತಲೇ ಇರುತ್ತೇವೆ. ನಿಮಗೂ ಹೀಗಾಗಿದೆ, ಅಲ್ವಾ?

ಆ ಕಡ್ಡಿಗಳಿಂದ ಗೊತ್ತಾಗುವುದು ಟವರಿನ ಸಿಗ್ನಲ್ ಫೋನಿಗೆ ಎಷ್ಟು ಸಿಗುತ್ತಿದೆ ಅನ್ನುವುದಷ್ಟೇ. ಫೋನ್ ಕಳಿಸಿದ್ದು ಟವರಿಗೆ ಮುಟ್ಟಿತಾ ಅನ್ನುವುದು ಬೇರೆ ಲೆಕ್ಕ. ಟವರಿನಲ್ಲಿ ಫೋನುಗಳ ಜೊತೆ ಮಾತಾಡುವ ಏರ್ಪಾಡಿಗೆ ಬೇಸ್ ಸ್ಟೇಷನ್ ಅಂತ ಹೆಸರು. ಅದರ ಒಂದು ರೇಡಿಯೊ, ಅಂದರೆ ಸಿಗ್ನಲ್ ಕಳಿಸಿ ಪಡೆಯುವ ಪೆಟ್ಟಿಗೆ, ಸಾಮಾನ್ಯವಾಗಿ 20, 40 ವ್ಯಾಟ್‌ನಲ್ಲಿ ಕಳಿಸುತ್ತದೆ. ನಮ್ಮ 4ಜಿ ಫೋನ್ ಎಷ್ಟು ಹೆಣಗಾಡಿದರೂ ಸುಮಾರು 0.2 ವ್ಯಾಟ್. ಹಾಗಾಗಿ ಕೂಗುವುದು ಬೇಸ್ ಸ್ಟೇಷನ್ನಿಗೆ ಸುಲಭ, ಕೇಳಿಸಿಕೊಳ್ಳುವುದೇ ಕಷ್ಟ.

ಈಗ ಹೊರಗೆ ಹೋದಾಗ ಒಂದು ಟವರ್ ನೋಡಿ. ಮೇಲೆ ಉದ್ದನೆಯ ಬಿಳಿ ಪಟ್ಟಿಗಳಿರುತ್ತವೆ. ಅವೇ ಆಂಟೆನಾ. ಸಾಮಾನ್ಯವಾಗಿ ಮೂರು ದಿಕ್ಕಿಗೆ, ಒಂದೊಂದಕ್ಕೆ 120 ಡಿಗ್ರಿ. ಕೆಲವು ತುಸು ಮುಂದಕ್ಕೆ ಬಗ್ಗಿರುತ್ತವೆ. ಸಡಿಲವಾಗಿ ವಾಲಿದ್ದಲ್ಲ, ಬೇಕಂತಲೇ ಬಗ್ಗಿಸಿದ್ದು. ಇಲ್ಲದಿದ್ದರೆ ಸಿಗ್ನಲ್ ಪಕ್ಕದ ಟವರಿನ ಜಾಗಕ್ಕೂ ಹೋಗಿ ಗಲಾಟೆ ಮಾಡುತ್ತದೆ. ಪಟ್ಟಿಯ ಒಳಗೆ ಪುಟ್ಟ ಪುಟ್ಟ ಆಂಟೆನಾಗಳು ಗುಣಾಕಾರ ಚಿಹ್ನೆಯ ಹಾಗೆ ಅಡ್ಡಡ್ಡ ಕೂತಿರುತ್ತವೆ. ಫೋನಿನ ಸಿಗ್ನಲ್ ಗೋಡೆಗೆ, ಗುಡ್ಡಕ್ಕೆ ಬಡಿದು ಚೂರುಚೂರಾಗಿ ಬರುತ್ತದೆ. ಒಂದು ಓರೆಯಲ್ಲಿ ಸಿಗದಿದ್ದದ್ದು ಇನ್ನೊಂದರಲ್ಲಿ ಸಿಕ್ಕೀತು ಅಂತ ಈ ಏರ್ಪಾಡು. ಹಿಂದೆಲ್ಲ ರೇಡಿಯೊ ಕೆಳಗಿನ ಶೆಡ್ಡಿನಲ್ಲೇ ಇರುತ್ತಿತ್ತು. ಮೊದಲೇ ಕ್ಷೀಣವಾದ ಸಿಗ್ನಲ್ಲನ್ನು ಉದ್ದನೆಯ ದಪ್ಪ ಕೇಬಲ್ಲು ದಾರಿಯಲ್ಲೇ ತಿಂದುಬಿಡುತ್ತಿತ್ತು. ಈಗ ರೇಡಿಯೊ ಪೆಟ್ಟಿಗೆಯನ್ನು ಆಂಟೆನಾ ಪಕ್ಕಕ್ಕೇ ಹತ್ತಿಸಿದ್ದಾರೆ. ಅಲ್ಲಿಂದ ಕೆಳಕ್ಕೆ ಫೈಬರ್.

ಕೇಳಿಸಿದರೆ ಮಾತ್ರ ಸಾಲದು, ಸರಿಯಾದ ಹೊತ್ತಿಗೆ ಕೇಳಿಸಬೇಕು. 2ಜಿಯಲ್ಲಿ ಒಂದು ಚಾನೆಲ್ಲನ್ನು ಎಂಟು ಫೋನುಗಳು ಸರದಿಯಲ್ಲಿ ಬಳಸುತ್ತವೆ. ಒಂದೊಂದು ಸರದಿ ಅರ್ಧ ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ, ಅಷ್ಟೇ. ದೂರದ ಫೋನಿನ ಸಿಗ್ನಲ್ ತಡವಾಗಿ ಬಂದರೆ ಮುಂದಿನವರ ಸರದಿಗೆ ನುಗ್ಗುತ್ತದೆ. ಅದಕ್ಕೇ ಬೇಸ್ ಸ್ಟೇಷನ್ "ಇಷ್ಟು ಮುಂಚೆ ಕಳಿಸು" ಅಂತ ಪ್ರತಿ ಫೋನಿಗೂ ಹೇಳುತ್ತಿರುತ್ತದೆ. ಹೀಗೆ ಸರಿದೂಗಿಸಲು ಆಗುವುದು ಸುಮಾರು 35 ಕಿಲೋಮೀಟರ್‌ವರೆಗೆ. ಅದರಾಚೆ ಎತ್ತರದ ಬೆಟ್ಟದ ತುದಿಯಲ್ಲಿ ಸಿಗ್ನಲ್ ಚೆನ್ನಾಗಿ ಸಿಕ್ಕರೂ ಮಾಮೂಲಿ ವ್ಯವಸ್ಥೆಯಲ್ಲಿ ಕಾಲ್ ಹೋಗುವುದಿಲ್ಲ.

ಇನ್ನು ಟವರ್ ಬಗ್ಗೆ ಇರುವ ಭಯ. ನೆಟ್‌ವರ್ಕ್ ಎಲ್ಲರಿಗೂ ಬೇಕು, ಟವರ್ ಮಾತ್ರ ಪಕ್ಕದ ಬೀದಿಯಲ್ಲಿರಲಿ ಅನ್ನುತ್ತೇವೆ. 2012ರ ಸೆಪ್ಟೆಂಬರಿನಿಂದ ಭಾರತದಲ್ಲಿ ಟವರುಗಳ ವಿಕಿರಣದ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಜೊತೆಗೆ, ಟವರ್ ಹತ್ತಿರ ಇದ್ದಷ್ಟೂ ಅದು ಫೋನಿಗೆ "ಮೆಲ್ಲಗೆ ಸಾಕು" ಅನ್ನುತ್ತದೆ. ದೂರಕ್ಕೆ ಓಡಿಸಿದರೆ ಕಿವಿಗೆ ಹಿಡಿದ ಫೋನೇ ಜೋರಾಗಿ ಕೂಗಬೇಕು. ನನ್ನ ಪ್ರಕಾರ ಇದು ತಿರುಗುಮುರುಗಾದ ಭಯ. ಶಿರಾಡಿ ಘಾಟಿಯಲ್ಲಿ ಸುಮ್ನೆ ಜೇಬಿನಲ್ಲಿದ್ದ ಫೋನಿನ ಚಾರ್ಜ್ ಇಳಿಯುವುದಕ್ಕೂ ದೂರವೇ ಕಾರಣ. ಅದು ಟವರ್ ಹುಡುಕುತ್ತಾ, ಸಿಕ್ಕಾಗೆಲ್ಲ ಪೂರಾ ಶಕ್ತಿ ಹಾಕಿ ಹಾಜರಿ ಹೇಳುತ್ತಿರುತ್ತದೆ.