ಕೋಟೆ ಅರಮನೆಯ ತೋಟದಲ್ಲಿ ಒಂದು ಮಧ್ಯಾಹ್ನ

ನಮಸ್ಕಾರ ಎಲ್ಲರಿಗೂ. ಇವತ್ತು ದೂರ ಎಲ್ಲೂ ಹೋಗಿಲ್ಲ. ಗಾಂಧಿ ಬಜಾರಿನಲ್ಲಿ ಅಮ್ಮ ಹೇಳಿದ ಸಾಮಾನು ತಗೊಂಡು, ಕೈಯಲ್ಲಿ ಒಂದು ಪೊಟ್ಟಣ ಮಂಡಕ್ಕಿ ಹಿಡಿದು, ಸುಮ್ನೆ ಕೋಟೆ ರಸ್ತೆ ಕಡೆ ನಡೆದು ಬಂದೆ. ನೋಡಿ, ಇದು ಶಿವಪ್ಪನಾಯಕನ ಅರಮನೆ. ಶಿವಮೊಗ್ಗದವರಾದ ನಾವು ಇದರ ಮುಂದೆಯೇ ಎಷ್ಟು ಸಲ ಓಡಾಡಿರುತ್ತೇವೆ. ಒಳಗೆ ಹೋದವರು ಎಷ್ಟು ಜನ?

ಗೇಟು ದಾಟಿದ ಕೂಡಲೇ ಬಜಾರಿನ ಹಾರ್ನ್ ಸದ್ದು ಹಿಂದೆ ಉಳಿಯುತ್ತದೆ. ಹುಲ್ಲು, ಗಿಡ, ನೆರಳು. ಎದುರಿಗೆ ಎರಡು ಅಂತಸ್ತಿನ ಅರಮನೆ. ಒಳಗಿನ ದರ್ಬಾರ್ ಹಾಲ್‌ನ ಮರದ ಕಂಬಗಳನ್ನು ಒಮ್ಮೆ ಕತ್ತೆತ್ತಿ ನೋಡಲೇಬೇಕು. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಈಗಿನ ಕಟ್ಟಡ ಅದಕ್ಕಿಂತ ಈಚಿನದು, ಹೈದರಾಲಿ ಕಾಲದ್ದು ಅನ್ನುವವರೂ ಇದ್ದಾರೆ. ಹೆಸರು ಮಾತ್ರ ಶಿವಪ್ಪನಾಯಕನದ್ದೇ ಉಳಿದಿದೆ. ಉಳಿಯಬೇಕಾದ ಹೆಸರೇ ಬಿಡಿ. ಜಮೀನಿನ ಇಳುವರಿ ನೋಡಿ ಕಂದಾಯ ಗೊತ್ತು ಮಾಡಿದ 'ಶಿಸ್ತು' ಅವನದ್ದು. ನಮ್ಮ ಕಡೆ ಹಳಬರು ಈಗಲೂ 'ಶಿವಪ್ಪನಾಯಕನ ಶಿಸ್ತು' ಅಂತಲೇ ಹೇಳುತ್ತಾರೆ.

ಆದರೆ ನಾನು ತೋರಿಸಬೇಕು ಅಂದುಕೊಂಡಿದ್ದು ಅರಮನೆಯನ್ನಲ್ಲ. ಹೊರಗೆ, ಈ ತೋಟದಲ್ಲಿ ನಿಲ್ಲಿಸಿರುವ ಕಲ್ಲುಗಳನ್ನು. ಸುತ್ತಮುತ್ತಲ ಊರುಗಳಲ್ಲಿ ಸಿಕ್ಕಿದ ಶಿಲ್ಪ, ಶಾಸನ, ವೀರಗಲ್ಲು, ಮಾಸ್ತಿಕಲ್ಲು ಎಲ್ಲ ಇಲ್ಲಿವೆ. ಬಂದವರು ಇವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕಲ್ಲನ್ನು ಓದುವವರು ಕಮ್ಮಿ.

ಹೌದು, ವೀರಗಲ್ಲನ್ನು ಓದಬೇಕು. ಅದೂ ಕೆಳಗಿನಿಂದ ಮೇಲಕ್ಕೆ. ಬನ್ನಿ, ಇದರ ಹತ್ತಿರ ಕೂರೋಣ.

ಕೆಳಗಿನ ಪಟ್ಟಿಕೆ ನೋಡಿ. ಕಾದಾಟ. ಕೈಯಲ್ಲಿ ಕತ್ತಿ ಹಿಡಿದವನು ನಮ್ಮ ವೀರ. ಆ ಕಾಲದಲ್ಲಿ ಶತ್ರುಗಳು ದನ ಹೊಡೆದುಕೊಂಡು ಹೋಗುತ್ತಿದ್ದರು, ಅದಕ್ಕೆ ತುರುಗೊಳ್ ಅಂತಲೇ ಹೆಸರು. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವರ ಕಲ್ಲುಗಳಲ್ಲಿ ಕೆಳಗೆ ಹಸುಗಳೂ ಇರುತ್ತವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ ಲಿಂಗ, ನಂದಿ, ಕೈ ಮುಗಿದು ಕೂತ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಅವು ಇರುವವರೆಗೂ ಇವನ ಹೆಸರು ಇರಲಿ ಅಂತ.

ಇಲ್ಲಿ, ಕಾದಾಡುತ್ತಿರುವವನ ಮೊಣಕಾಲ ಹತ್ತಿರ ಬೆರಳಿಡಿ. ಕಲ್ಲು ತಣ್ಣಗಿದೆ. ಬೂದು ಬಣ್ಣದ ಹಾವಸೆ ಕಟ್ಟಿದೆ. ಮುಖ ಪೂರ್ತಿ ಸವೆದಿದೆ, ಕಣ್ಣು ಮೂಗು ಏನೂ ಗೊತ್ತಾಗುವುದಿಲ್ಲ. ಆದರೆ ಸೊಂಟದ ಪಟ್ಟಿಯ ಗೆರೆ ಇನ್ನೂ ಹಾಗೇ ಇದೆ. ಕೆತ್ತಿದವನು ಎಷ್ಟು ಕಾಳಜಿಯಿಂದ ಉಳಿ ಹಿಡಿದಿರಬೇಕು, ಅಲ್ವಾ?

ಆ ಪಕ್ಕದ್ದು ಮಾಸ್ತಿಕಲ್ಲು. ಮೊಣಕೈ ಮಡಚಿ ಮೇಲೆತ್ತಿದ ಒಂದು ಕೈ, ಕೈತುಂಬ ಬಳೆ. ಗಂಡನ ಚಿತೆ ಏರಿದ ಹೆಂಗಸಿನ ಗುರುತು. ಇದರ ಮುಂದೆ ನನಗೆ ಜಾಸ್ತಿ ಮಾತು ಬರುವುದಿಲ್ಲ. ಆ ಬಳೆಗಳನ್ನು ಮಾತ್ರ ನೋಡುತ್ತಾ ನಿಂತುಬಿಡುತ್ತೇನೆ.

ಒಂದು ವಿಷಯ ಮನಸ್ಸಿಗೆ ತುಂಬಾ ನೋವಾಯಿತು. ಇನ್ನೊಂದು ಕಲ್ಲಿನ ಮೇಲೆ ಯಾರೋ ಕೀಲಿಕೈಯಿಂದ ಹೆಸರು ಗೀಚಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳು ಹತ್ತಲು ಹೋದರೆ ಇಳಿಸಿ, ಇದು ಯಾರದ್ದೋ ಮನೆಯವರ ಕಲ್ಲು ಅಂತ ಹೇಳಿ.

ನಮ್ಮ ಅಜ್ಜನ ಊರಿನ ಗದ್ದೆ ಅಂಚಿನಲ್ಲೂ ಇಂಥದ್ದೇ ಒಂದು ಕಲ್ಲಿತ್ತು. ದೀಪಾವಳಿಯ ಗೋಪೂಜೆ ದಿನ ಕೊಟ್ಟಿಗೆಯ ದನಗಳಿಗೆಲ್ಲ ಚೆಂಡು ಹೂವಿನ ಹಾರ ಹಾಕಿ ಆದ ಮೇಲೆ, ಅಜ್ಜ ಒಂದು ಹಾರ ಉಳಿಸಿಕೊಂಡು ಗದ್ದೆಗೆ ಹೋಗುತ್ತಿದ್ದರು. ನಾನೂ ಹಿಂದೆಯೇ. ಆ ಕಲ್ಲಿಗೆ ಹಾರ ಹಾಕಿ ಕೈ ಮುಗಿಯುತ್ತಿದ್ದರು. ಯಾಕಜ್ಜ ಅಂತ ಕೇಳಿದರೆ, "ದನ ಉಳಿಸಿದವನಂತೆ" ಅನ್ನುತ್ತಿದ್ದರು. ಅಷ್ಟೇ. ಆಗ ನನಗೆ ಅರ್ಥವಾಗಿರಲಿಲ್ಲ. ಈ ತೋಟದಲ್ಲಿ ಕಲ್ಲಿನ ಬುಡದಲ್ಲಿ ಹಸುಗಳನ್ನು ನೋಡಿದ ದಿನ ಆ ಮಾತು ಸಟಕ್ಕನೆ ನೆನಪಾಯಿತು. ಅಜ್ಜ ಓದಿದ್ದು ಮೂರನೇ ಕ್ಲಾಸು. ಆದರೂ ಆ ಕಲ್ಲು ಅವರಿಗೆ ಓದಲು ಬರುತ್ತಿತ್ತು.

ಬಿಸಿಲು ಇಳಿಯುತ್ತಿದೆ. ಇಲ್ಲಿಂದ ತುಂಗೆ ಹತ್ತಿರ, ಗಾಳಿಯಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿತು ಅಂದರೆ ಊರಿಗೆ ಊರೇ ನೋಡಲು ಬರುತ್ತದೆ. ಈಗ ನೀರು ಕಮ್ಮಿ, ಮಂಟಪ ಪೂರ್ತಿ ಕಾಣುತ್ತಿದೆ.

ಹೊಳೆ ದಂಡೆಯಲ್ಲಿ ಕೂತು ಊರಿಗೆ ಫೋನ್ ಮಾಡಿದೆ. "ಚಿಕ್ಕಪ್ಪ, ಗದ್ದೆ ಅಂಚಿನ ಆ ಕಲ್ಲು ಇದೆಯಾ ಇನ್ನೂ?"

"ಇದೆ ಮಾರಾಯ್ತಿ. ಸುತ್ತ ಲಂಟಾನ ಬೆಳೆದುಬಿಟ್ಟಿದೆ, ಕಾಣೋದೇ ಇಲ್ಲ. ಭಾನುವಾರ ಬಾ, ಸವರೋಣ."

ಭಾನುವಾರ ಹೋಗುತ್ತಿದ್ದೇನೆ. ಕ್ಯಾಮೆರಾ ತಗೊಂಡು ಹೋಗುತ್ತೇನೆ. ಒಂದು ಮಾರು ಚೆಂಡು ಹೂವನ್ನೂ.