ಕಪ್ಪು ಮಾಸಿದ ಮೇಲೆ ಯಾರ ಹತ್ತಿರ ಹೋಗಬೇಕು?

(ಬೀದರ್‌ನಲ್ಲಿ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ಮತ್ತು ಬಿದ್ರಿ ಕುಶಲಕರ್ಮಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವ ಹುಡುಗರು ಮುಂದೆ ಬಂದು ಕೂರಬಹುದು, ಜಾಗ ಇದೆ. ಮೊದಲ ಸಾಲಿನಲ್ಲಿ ನಮ್ಮ ಊರಿನ ಉಸ್ತಾದರು, ಅಂದರೆ ಬಿದ್ರಿಯ ಹಿರಿಯ ಕುಶಲಕರ್ಮಿಗಳು, ಕುಳಿತಿದ್ದಾರೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಈ ಬಿದ್ರಿಯ ಅಂದಚೆಂದವನ್ನು ಅವರ ಎದುರು ಹೇಳಲು ನಾನು ಯಾರು? ಅದು ಬೇಡ. ಕಿವಿಯೋಲೆ, ಪೆಂಡೆಂಟ್, ಬಳೆ, ಕಫ್‌ಲಿಂಕ್, ಪರ್ಸಿನ ಕೊಂಡಿ, ಹೀಗೆ ಮೈಮೇಲೆ ಧರಿಸುವ ದುಬಾರಿ ಕೈಕೆಲಸದ ಸಾಮಾನಿಗೆ ಈಗ 'ಸಸ್ಟೇನಬಲ್', ಅಂದರೆ ಪರಿಸರಕ್ಕೆ ಹಾನಿ ಮಾಡದೆ ಬಹುಕಾಲ ಬಾಳುವುದು, ಅಂತ ಚೀಟಿ ಅಂಟಿಸಿ ಮಾರುತ್ತಾರಲ್ಲ, ಆ ಚೀಟಿಯಲ್ಲಿ ಎಷ್ಟು ಹುರುಳಿದೆ ಅಂತ ನೋಡೋಣ.

ದೊಡ್ಡವರಿಂದಲೇ ಶುರು ಮಾಡುತ್ತೇನೆ. 2018ರಲ್ಲಿ ಬ್ರಿಟನ್‌ನ ಬರ್ಬೆರಿ ಕಂಪನಿಯ ವಾರ್ಷಿಕ ವರದಿ ಬಂತು. ಮಾರಾಟವಾಗದೆ ಉಳಿದ ಬಟ್ಟೆ, ಸುಗಂಧದ್ರವ್ಯ ಇತ್ಯಾದಿ ಸೇರಿ 28.6 ಮಿಲಿಯನ್ ಪೌಂಡ್ ಬೆಲೆಯ ಮಾಲನ್ನು ಹಿಂದಿನ ವರ್ಷ ನಾಶ ಮಾಡಿದ್ದೇವೆ ಅಂತ ಅದರಲ್ಲಿತ್ತು. ಹರಿದಿದ್ದಲ್ಲ, ಕೆಟ್ಟಿದ್ದಲ್ಲ. ಹೊಸದು! ಜನ ಗಲಾಟೆ ಮಾಡಿದರು. ಅದೇ ವರ್ಷ ಕಂಪನಿ ಈ ಪದ್ಧತಿ ನಿಲ್ಲಿಸುತ್ತೇವೆ ಅಂತ ಹೇಳಿತು. ಆಮೇಲೆ ಯುರೋಪಿಯನ್ ಒಕ್ಕೂಟ ಕಾನೂನನ್ನೇ ತಂದಿತು. ಮಾರಾಟವಾಗದ ಬಟ್ಟೆ, ಚಪ್ಪಲಿ, ಆಕ್ಸೆಸರಿಗಳನ್ನು ದೊಡ್ಡ ಕಂಪನಿಗಳು ನಾಶ ಮಾಡಬಾರದು, 2026ರ ಜುಲೈನಿಂದ ಅದಕ್ಕೆ ನಿಷೇಧ ಅಂತ. ದುಬಾರಿ ಸಾಮಾನು ಜಾಸ್ತಿ ದಿನ ಬಾಳುತ್ತೆ, ಅದಕ್ಕೇ ಪರಿಸರಕ್ಕೆ ಒಳ್ಳೆಯದು ಅನ್ನುವ ವಾದ ಇದೆಯಲ್ಲ, ಅದರ ಅರ್ಧ ಇಲ್ಲೇ ಬಿದ್ದುಹೋಯಿತು. ಬಾಳಲಿಕ್ಕೆ ಮೊದಲು ಅದು ಬದುಕಬೇಕು.

ಈಗ ನಮ್ಮ ಬೀದರ್‌ನ ಹಳೆಯ ಗೋಪುರ ಚೌಬಾರಾ ಕಡೆ ಬನ್ನಿ. ಬಿದ್ರಿ ಕಾರ್ಖಾನೆ ಒಳಗೆ ಹೋದವರಿಗೆ ಗೊತ್ತು, ಅಲ್ಲಿ ಯಾವುದನ್ನೂ ಸುಮ್ನೆ ಎಸೆಯುವುದಿಲ್ಲ. ಕೆಲವು ವಿದ್ಯಾರ್ಥಿಗಳು ಇನ್ನೂ ಒಳಗೆ ಹೋಗಿಲ್ಲ ಅಂತ ಕೇಳಿದೆ. ಅವರಿಗಾಗಿ ಕೆಲಸದ ದಾರಿಯನ್ನು ಸ್ವಲ್ಪ ಹೇಳುತ್ತೇನೆ. ಉಸ್ತಾದರು ತಪ್ಪಿದ್ದರೆ ತಿದ್ದಬೇಕು.

ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಸಣ್ಣ ಕುಲುಮೆ ಸಾಕು. ತಾಮ್ರಕ್ಕೆ ಬೇಕಾದ 1,085 ಡಿಗ್ರಿಯವರೆಗೆ ಕಾಯಿಸಬೇಕಿಲ್ಲ, ಕರಗಿದ ಸತುವಿನಲ್ಲಿ ಅದು ತಾನಾಗಿ ಬೆರೆಯುತ್ತದೆ. ಆ ಒಂದು ಪಾಲು ತಾಮ್ರ ಇಲ್ಲದಿದ್ದರೆ ಕೊನೆಯಲ್ಲಿ ಬಿದ್ರಿಯ ಕಪ್ಪು ಬರುವುದಿಲ್ಲ. ಅಚ್ಚು ಮಣ್ಣಿನದು. ಹರಳೆಣ್ಣೆ, ರಾಳ ಕಲಸಿದ ಮಣ್ಣು. ಎರಕ ಹೊಯ್ದ ಮೇಲೆ ಅರ ಹಾಕಿ ಉಜ್ಜುತ್ತಾರೆ. ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಬರೆದ ಗೆರೆ ಕಾಣಬೇಕಲ್ಲ. ಆಮೇಲೆ ಉಳಿ ಹಿಡಿದು ಹೂವು ಬಳ್ಳಿ ಕೊರೆಯುವುದು. ಆ ಸೀಳಿನೊಳಗೆ ಬೆಳ್ಳಿ ತಂತಿ ಇಟ್ಟು ಬಡಿದರೆ ತಾರಕಶಿ, ಬೆಳ್ಳಿ ತಗಡು ಕೂರಿಸಿದರೆ ತೆಹ್ನಿಶಾನ್. ಮತ್ತೆ ಉಜ್ಜಿದರೆ ಎಲ್ಲ ಒಂದೇ ಬಣ್ಣ. ಬೆಳ್ಳಿ ಎಲ್ಲಿ, ಸತು ಎಲ್ಲಿ, ಗೊತ್ತೇ ಆಗುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿದ ಬಿಸಿ ದ್ರಾವಣ. ಅದು ತಾಗಿದರೆ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಎಣ್ಣೆ ಸವರಿದರೆ ಮುಗಿಯಿತು.

ಬಣ್ಣ ಬಳಿದಿಲ್ಲ, ಪ್ಲಾಸ್ಟಿಕ್ ಲೇಪ ಇಲ್ಲ, ಅಂಟು ಇಲ್ಲ. ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಈ ಕಾಲದಲ್ಲಿ ನೆಲಕ್ಕೆ ಬಿದ್ದ ತಂತಿಯ ತುಣುಕನ್ನು ಯಾರೂ ಕಸದ ಜೊತೆ ಹಾಕುವುದಿಲ್ಲ. ಸತುವಿನ ಎರಕ ಕೆಟ್ಟರೆ ಮತ್ತೆ ಕುಲುಮೆಗೆ. ಇಷ್ಟು ನೋಡಿದರೆ ಚೀಟಿಯನ್ನು ನಾವೇ ಅಂಟಿಸಿಕೊಳ್ಳಬಹುದು ಅನ್ನಿಸುತ್ತದೆ, ಅಲ್ವಾ?

ಅವಸರ ಬೇಡ. ಸತು ನಮ್ಮ ಜಿಲ್ಲೆಯ ನೆಲದಿಂದ ಬರುವುದಿಲ್ಲ. ದೇಶದ ಸತು ಹೆಚ್ಚಾಗಿ ರಾಜಸ್ಥಾನದ್ದು. ಅಲ್ಲಿ ಉದಯಪುರದ ಹತ್ತಿರ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಸತುವನ್ನು ಬಟ್ಟಿ ಇಳಿಸುತ್ತಿದ್ದರು. ಈಗ ಮಾಡುವುದು ವಿದ್ಯುತ್ತಿನಿಂದ, ಅದಕ್ಕೆ ತುಂಬಾ ಕರೆಂಟ್ ಬೇಕು. ಕರಗಿದ ಸತು ಜಾಸ್ತಿ ಕಾದರೆ ಬಿಳಿ ಹೊಗೆ ಏಳುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದನ್ನು ಉಸಿರಾಡಿದವರಿಗೆ ರಾತ್ರಿ ಹೊತ್ತಿಗೆ ಚಳಿ ಜ್ವರ ಬರುತ್ತದೆ. ನವಸಾಗರದ ಬಿಸಿ ಆವಿ ಕಣ್ಣು, ಗಂಟಲು ಸುಡುತ್ತದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ 'ಪರಿಸರಸ್ನೇಹಿ' ಅಂತ ಬರೆಯುವ ವ್ಯಾಪಾರಿ ಕುಲುಮೆಯ ಮೇಲೆ ಒಂದು ಹೊಗೆ ಫ್ಯಾನ್ ಹಾಕಿಸಿಕೊಟ್ಟರೆ ಆ ಮಾತನ್ನು ನಾನು ಜಾಸ್ತಿ ನಂಬುತ್ತೇನೆ.

ಕಪ್ಪು ಮಾಡುವ ಆ ಮಣ್ಣಿನದೂ ಒಂದು ಮಾತಿದೆ. ಬಿಸಿಲು ಮಳೆ ತಾಗದ ಹಳೆಯ ಕಟ್ಟಡದೊಳಗಿನ ಮಣ್ಣೇ ಆಗಬೇಕು. ಉಸ್ತಾದರು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಒಂದು ಸಾಮಾನಿಗೆ ಬೇಕಾಗುವುದು ಸ್ವಲ್ಪವೇ, ನಿಜ. ಆದರೂ ಅದು ಹೊಲದ ಮಣ್ಣಿನ ಹಾಗೆ ಸಿಗುವ ಮಾಲಲ್ಲ. ಅದನ್ನು ಮಾಡಲಿಕ್ಕೂ ಆಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಲಿಕ್ಕೂ ಆಗುವುದಿಲ್ಲ.

ನಾನು ಹೇಳಬೇಕೆಂದು ಬಂದ ಮುಖ್ಯ ಮಾತು ಇದಕ್ಕೇ ಸೇರಿದ್ದು. ಹಳೆಯ ಬಿದ್ರಿ ಅಂದರೆ ಹುಕ್ಕಾ, ಸುರಾಹಿ, ಪಾನ್‌ದಾನ್, ಹೂದಾನಿ. 1851ರ ಲಂಡನ್ ಮಹಾಪ್ರದರ್ಶನಕ್ಕೂ ಬಿದ್ರಿ ಹೋಗಿತ್ತು. ಈಗಲೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಿದ್ರಿ ಇದೆ. ಅವೆಲ್ಲ ಕಪಾಟಿನಲ್ಲಿ ಕೂರುವ ವಸ್ತುಗಳು. ಕಿವಿಯೋಲೆ ಹಾಗಲ್ಲ. ಅದು ದಿನವೂ ಬೆವರಿಗೆ ಸಿಗುತ್ತದೆ. ಸೆಂಟು, ಸ್ಯಾನಿಟೈಸರ್, ಸೋಪು ತಾಗುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ಒಂದು ಮದುವೆಗೆ ಹಾಕಿಕೊಂಡು ಹೋಗಿ ನೋಡಿ! ಬೆವರಿನ ಹುಳಿಗೆ ಸತು ತಡೆಯುವುದಿಲ್ಲ. ಉಂಗುರದ ಒಳಗೆ, ಬಳೆಯ ಅಂಚಿನಲ್ಲಿ ಕಪ್ಪು ಮೊದಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆಗೆ ಸಿಕ್ಕಿ ಎಳೆದರೆ ತಂತಿಯ ತುದಿ ಎದ್ದು ಬರುತ್ತದೆ.

ಎರಡಕ್ಕೂ ಮದ್ದಿದೆ. ಸ್ವಲ್ಪ ಮಾಸಿದ್ದರೆ ಕೊಬ್ಬರಿ ಎಣ್ಣೆ ಒರೆಸಿದರೆ ಸಾಕು. ಜಾಸ್ತಿ ಹೋಗಿದ್ದರೆ ಹದವಾಗಿ ಉಜ್ಜಿ ಮತ್ತೆ ಮಣ್ಣಿನ ದ್ರಾವಣಕ್ಕೆ ಹಾಕಬೇಕು. ತಂತಿ ಎದ್ದಿದ್ದರೆ ಹೊಸದು ಕೂರಿಸಬಹುದು. ಆದರೆ ಈ ಕೆಲಸ ಆಗುವುದು ಎಲ್ಲಿ? ಮಣ್ಣು ಇರುವಲ್ಲಿ, ಕೈ ಇರುವಲ್ಲಿ. ಮುಂಬೈಯ ಮಾಲ್‌ನಲ್ಲಿ ಓಲೆ ಕೊಂಡ ಹೆಂಗಸು ಯಾರ ಹತ್ತಿರ ಹೋಗಬೇಕು? ಅಂಗಡಿಯವರು ಹೇಳುವುದು ಒಂದೇ: 'ಮೇಡಂ, ಹೊಸ ಡಿಸೈನ್ ಬಂದಿದೆ, ನೋಡಿ.' ಆ ಓಲೆ ಡ್ರಾಯರ್ ಸೇರುತ್ತದೆ. ನೂರು ವರ್ಷ ಬಾಳಬಹುದಾದ ವಸ್ತು ಎರಡು ಬೇಸಿಗೆಗೆ ಮುಗಿಯಿತು. ಇದನ್ನು ಸಸ್ಟೇನಬಲ್ ಅಂತ ಹೇಗೆ ಕರೆಯುವುದು?

ಪ್ಯಾರಿಸ್ಸಿನ ಎರ್ಮೆಸ್ ಕಂಪನಿ ತನ್ನ ಚೀಲಗಳ ದುರಸ್ತಿಗೆಂದೇ ಕುಶಲಕರ್ಮಿಗಳನ್ನು ಇಟ್ಟಿದೆ. ಆ ಚೀಲದ ಬೆಲೆಯ ಬಗ್ಗೆ ನನಗೆ ಬೇಕಾದಷ್ಟು ತಕರಾರಿದೆ, ಅದು ಬೇರೆ ವಿಷಯ. ದುರಸ್ತಿಯನ್ನು ಮರ್ಯಾದೆಯ ಕೆಲಸ ಮಾಡಿದ್ದಾರೆ, ಅದನ್ನು ಒಪ್ಪಬೇಕು. ನಮ್ಮಲ್ಲಿ ದುರಸ್ತಿ ಅಂದರೆ ಸಂಕೋಚಕ್ಕೆ ಮಾಡಿಕೊಡುವ ಕೆಲಸ. ಗುರುತಿನವರು ತಂದರೆ ಉಸ್ತಾದರು ಬೇಡ ಅನ್ನುವುದಿಲ್ಲ. ಚಹಾ ಕುಡಿಸಿ ಕಳಿಸುತ್ತಾರೆ, ಕೂಲಿ ಕೇಳಲು ಬಾಯಿ ಬರುವುದಿಲ್ಲ. ಅರ್ಧ ದಿನ ಹೋಯಿತು, ದುಡಿಮೆ ಇಲ್ಲ. ಮಗ ಇದನ್ನು ನೋಡುತ್ತಾನೆ, ಹೈದರಾಬಾದಿಗೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ.

ಅದಕ್ಕೇ ನನ್ನ ಸಲಹೆ: ದುರಸ್ತಿಯ ಕೂಲಿಯನ್ನು ಮಾರುವ ದಿನವೇ ಬೆಲೆಯಲ್ಲಿ ಸೇರಿಸಿ, ಅದನ್ನು ಅಂಗಡಿಗಲ್ಲ, ಮಾಡಿದ ಕಾರ್ಖಾನೆಗೆ ಕೊಡಬೇಕು. ಒಮ್ಮೆ ಮತ್ತೆ ಕಪ್ಪು ಮಾಡಿಸಲಿಕ್ಕೆ, ಒಮ್ಮೆ ತಂತಿ ಕೂರಿಸಲಿಕ್ಕೆ. ಕೊಂಡವರು ಕೊರಿಯರ್ ಮಾಡಿದರೆ ಸಾಕು. ಲಕ್ಷುರಿ ಅಂತ ಸಾವಿರಾರು ರೂಪಾಯಿ ತೆಗೆದುಕೊಳ್ಳುವವರಿಗೆ ಇದು ಭಾರವೇನೂ ಅಲ್ಲ. ಗಿರಾಕಿ ಓಡಿಹೋಗುತ್ತಾನೆ ಅನ್ನುವವರು ಒಂದು ಸಲ ಮಾಡಿ ನೋಡಲಿ.

ಡಿಸೈನ್ ಕಲಿಯುವವರ ಪಾಲೂ ಇದರಲ್ಲಿದೆ. ಚರ್ಮಕ್ಕೆ ತಾಗುವ ಕೊಕ್ಕೆ, ತಿರುಪು ಬೆಳ್ಳಿಯದಾಗಿರಲಿ. ಅದನ್ನು ಅಂಟಿಸಬೇಡಿ, ಬಿಚ್ಚುವ ಹಾಗೆ ಕೂರಿಸಿ. ಇಲ್ಲದಿದ್ದರೆ ಮತ್ತೆ ದ್ರಾವಣಕ್ಕೆ ಹಾಕುವಾಗ ಒದ್ದಾಟ. ತೂಕ ಕಡಿಮೆ ಮಾಡುವ ಹುರುಪಿನಲ್ಲಿ ತಗಡನ್ನು ಇನ್ನೊಂದು ಸಲ ಉಜ್ಜಲಿಕ್ಕೆ ಬಾರದಷ್ಟು ತೆಳು ಮಾಡಬೇಡಿ. ಹಿಂಬದಿಯಲ್ಲಿ ಕಾರ್ಖಾನೆಯ ಗುರುತು ಕೊರೆಸಿ. 2006ರಲ್ಲಿ ಬಿದ್ರಿಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆ. ಆದರೆ ಜಿಐ ಊರಿನ ಹೆಸರು ಹೇಳುತ್ತದೆ. ಈ ಓಲೆಯನ್ನು ಯಾವ ಕೈ ಮಾಡಿತು ಅಂತ ಹೇಳುವುದಿಲ್ಲ.

ಹೆಸರು ಹೇಳದಿದ್ದರೆ ಏನಾಗುತ್ತದೆ ಅಂತ ಕೊಲ್ಹಾಪುರಿ ಚಪ್ಪಲಿಯಲ್ಲಿ ನೋಡಿದೆವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅದೇ ಥರದ ಚಪ್ಪಲಿ ತೋರಿಸಿತು, ಎಲ್ಲಿಯದು ಅಂತ ಹೇಳಲಿಲ್ಲ. ಟೀಕೆ ಬಂದ ಮೇಲೆ ಭಾರತದ ಕರಕುಶಲದಿಂದ ಪ್ರೇರಣೆ ಅಂತ ಒಪ್ಪಿಕೊಂಡಿತು. ಆ ಚಪ್ಪಲಿಯ ಜಿಐ ಮಹಾರಾಷ್ಟ್ರದ್ದಷ್ಟೇ ಅಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರದ್ದೂ ಹೌದು. ಆಮೇಲೆ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಕೂಡ ಸೇರಿ ಪ್ರಾಡಾ ಜೊತೆ ಒಪ್ಪಂದ ಆಯಿತು. ಒಳ್ಳೆಯದೇ. ಆದರೆ ಜಗಳ ಆದ ಮೇಲೆ ಆದ ಒಪ್ಪಂದ ಅದು. ನಾಳೆ ಬಿದ್ರಿ ಕೊಂಡಿಯ ಚೀಲ ಯಾವುದೋ ದೇಶದ ವೇದಿಕೆಯಲ್ಲಿ ಕಂಡರೆ ತೋರಿಸಲಿಕ್ಕೆ ನಮ್ಮ ಹತ್ತಿರ ಕಾಗದ ಪತ್ರ ಇರಬೇಕು.

ಚೀಟಿಯ ವಿಷಯಕ್ಕೆ ಮತ್ತೆ ಬರುತ್ತೇನೆ. 2024ರ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. 'ಹಸಿರು', 'ಪರಿಸರಸ್ನೇಹಿ' ಅಂತ ಬರೆದರೆ ಆಧಾರ ತೋರಿಸಬೇಕು. ನಮಗೆ ಇದರಿಂದ ಹೆದರಿಕೆ ಇಲ್ಲ, ಲಾಭವೇ ಇದೆ. 'ಸತು ಇಷ್ಟು, ತಾಮ್ರ ಇಷ್ಟು, ಬೆಳ್ಳಿ ಇಷ್ಟು ಗ್ರಾಂ. ಇಂಥ ಕಾರ್ಖಾನೆಯಲ್ಲಿ ಮಾಡಿದ್ದು. ಕಪ್ಪು ಮಾಸಿದರೆ ಇಲ್ಲಿಗೆ ಕಳಿಸಿ.' ಇಷ್ಟು ಬರೆಯಿರಿ. ಸಸ್ಟೇನಬಲ್ ಅನ್ನುವ ಪದವನ್ನೇ ಬಿಟ್ಟುಬಿಡಿ, ಅದರ ಅಗತ್ಯ ಬೀಳುವುದಿಲ್ಲ.

ವಿದ್ಯಾರ್ಥಿಗಳು ಈ ಸೆಮಿಸ್ಟರ್‌ನಲ್ಲಿ ಓಲೆಯ ಚಿತ್ರ ಬರೆದು ತೋರಿಸುತ್ತೀರಿ ಅಂತ ಮೇಷ್ಟ್ರು ಹೇಳಿದರು. ಅದರ ಜೊತೆ ಇನ್ನೊಂದು ಹಾಳೆ ಇರಲಿ: ಈ ಓಲೆಯನ್ನು ಬಿಚ್ಚುವುದು ಹೇಗೆ, ರಿಪೇರಿಗೆ ಎಷ್ಟು ಹೊತ್ತು, ಎಷ್ಟು ಕೂಲಿ. ಆ ಲೆಕ್ಕ ನನಗೆ ಬರುವುದಿಲ್ಲ, ನಿಮ್ಮ ಮೇಷ್ಟ್ರಿಗೂ ಬರಲಿಕ್ಕಿಲ್ಲ. ಬರುವವರು ಮೊದಲ ಸಾಲಿನಲ್ಲಿದ್ದಾರೆ. ಈಗ ಪ್ರಶ್ನೆಗಳನ್ನು ಅವರಿಗೇ ಕೇಳಿ, ನಾನೂ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ.