ಕೈ ಕೊಡದ ಹಳೇ ಸ್ಪೋರ್ಟ್ಸ್ ಕಾರು: ಎಂಜಿಬಿ ತಗೊಳ್ಳೋದಾ, ಎಂಎಕ್ಸ್-5 ತಗೊಳ್ಳೋದಾ?

[ದೃಶ್ಯ: ಕೆಂಪು ಬಣ್ಣದ ಹಳೇ ಕಾರು. ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಜಾರಿಸುತ್ತಿರುವ ಕೈ.]

ಈ ಮ್ಯಾಗ್ನೆಟ್ ನೋಡಿ. ನಮ್ಮನೆ ಫ್ರಿಡ್ಜ್ ಬಾಗಿಲಿಂದ ಕಿತ್ತು ತಂದದ್ದು. ಇಲ್ಲಿ ಅಂಟುತ್ತದೆ. ಇಲ್ಲೂ ಅಂಟುತ್ತದೆ. ಇಲ್ಲಿಗೆ ಬಂದ ಕೂಡಲೇ ಬಿದ್ದುಹೋಗುತ್ತದೆ. ಯಾಕೆ ಅಂದರೆ ಇಲ್ಲಿ ತಗಡೇ ಇಲ್ಲ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದಿದ್ದಾರೆ. ಮೇಲೆ ಥಳುಕು, ಒಳಗೆ ಹುಳುಕು. ನಾನು ಕೊಳ್ಳಬೇಕು ಅಂತ ನೋಡಿದ ಮೊದಲ ಕಾರು ಇದು. ಎಂಜಿನ್ ಸೊಗಸಾಗಿ ಓಡುತ್ತಿತ್ತು. ಅವತ್ತು ಈ ಮ್ಯಾಗ್ನೆಟ್ ಜೇಬಲ್ಲಿ ಇಲ್ಲದಿದ್ದರೆ ಅಡ್ವಾನ್ಸ್ ಕೊಟ್ಟೇಬಿಡುತ್ತಿದ್ದೆ.

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಇಂಗ್ಲೆಂಡಿನಲ್ಲಿ. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮವರು ಆಗಾಗ ಕೇಳುವ ಪ್ರಶ್ನೆ ಒಂದಿದೆ. "ಹಳೇ ಸ್ಪೋರ್ಟ್ಸ್ ಕಾರು ತಗೋಬೇಕು ಅಂತ ಆಸೆ. ಆದರೆ ಶೆಡ್ಡಲ್ಲಿ ಮುಚ್ಚಿಡೋಕಲ್ಲ, ಆಫೀಸಿಗೆ, ಅಂಗಡಿಗೆ ದಿನಾ ಓಡಿಸಬೇಕು. ಯಾವುದು ಕೈ ಕೊಡಲ್ಲ?"

ಮೊದಲು ಒಂದು ಮಾತು. ಮೂವತ್ತು, ಐವತ್ತು ವರ್ಷದ ಕಾರು ಕೆಟ್ಟೇ ಕೆಡುತ್ತದೆ. ಕೆಡದ ಹಳೇ ಕಾರು ಹುಡುಕುತ್ತಾ ಹೋದರೆ ಸಿಗುವುದಿಲ್ಲ. ನೀವು ಕೇಳಬೇಕಾದ್ದು ಬೇರೆ. ಕೆಟ್ಟಾಗ ಅದರ ಪಾರ್ಟ್ ಈ ವಾರವೇ ಸಿಗುತ್ತದಾ? ಅದನ್ನು ಬಿಚ್ಚಿ ಹಾಕಲು ಬರುವ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾನಾ? ಮತ್ತೆ, ಕಾರಿನ ಮೈ ಗಟ್ಟಿಯಾಗಿದೆಯಾ? ಈ ಮೂರಕ್ಕೂ ಹೌದು ಅನ್ನುವ ಕಾರೇ ನನ್ನ ಲೆಕ್ಕದಲ್ಲಿ ನಂಬುವಂಥ ಕಾರು.

ಇದರಿಂದಲೇ ಎಷ್ಟೋ ಚೆಂದದ ಕಾರುಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಪೋರ್ಶೆ 944 ತಗೊಳ್ಳಿ. 1982ರಿಂದ 1991ರವರೆಗೆ ಬಂದ ಕಾರು, ಓಡಿಸಲು ಬಲು ಸೊಗಸು. ಆದರೆ ಅದರ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ಒಂದೇ ತಾಳಕ್ಕೆ ಓಡಿಸುವ ಪಟ್ಟಿ, ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ ಇರುವುದರಿಂದ ಒಂದು ಕ್ಲಚ್ ಬದಲಿಸಲು ಅರ್ಧ ಕಾರು ಬಿಚ್ಚಬೇಕು. ಡ್ಯಾಟ್ಸನ್ 240ಝಡ್ ಎಂಜಿನ್ ಕಲ್ಲುಗುಂಡು, ತಗಡು ಮಾತ್ರ ತುಕ್ಕಿನ ಬಾಯಿಗೆ ತುತ್ತು. ಇವು ಕೆಟ್ಟ ಕಾರುಗಳಲ್ಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ಮಳೆಯಲ್ಲಿ ಸ್ಟಾರ್ಟ್ ಮಾಡಿ ಕೆಲಸಕ್ಕೆ ಹೋಗಲು ನಾನು ಇವನ್ನು ಆರಿಸುವುದಿಲ್ಲ, ಅಷ್ಟೇ.

ನನ್ನ ಮಟ್ಟಿಗೆ ಉಳಿಯುವುದು ಎರಡು. ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿ ಮತ್ತು ಜಪಾನಿನ ಮಾಜ್ದಾ ಕಂಪನಿಯ ಮೊದಲ ತಲೆಮಾರಿನ ಎಂಎಕ್ಸ್-5.

[ದೃಶ್ಯ: ಎಂಜಿಬಿ ಜಿಟಿ. ಬಾನೆಟ್ ತೆರೆಯುತ್ತದೆ.]

ಎಂಜಿಬಿ 1962ರಲ್ಲಿ ಬಂತು. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಊರಿನಲ್ಲಿ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು. ಈ ಸಂಖ್ಯೆ ಸುಮ್ನೆ ಹೇಳುತ್ತಿಲ್ಲ. ಅಷ್ಟು ಕಾರು ಇದ್ದದ್ದಕ್ಕೇ ಇವತ್ತಿಗೂ ಪಾರ್ಟ್ ಮಾಡುವವರು ಇದ್ದಾರೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಎನ್ನುವ ಸಂಸ್ಥೆ ಎಂಜಿಬಿಯ ಇಡೀ ಬಾಡಿಯನ್ನೇ ಹಳೇ ಅಚ್ಚುಗಳಲ್ಲಿ ಒತ್ತಿ ಹೊಸದಾಗಿ ಕೊಡಲು ಶುರುಮಾಡಿತು. ಕಾರು ನಿಂತುಹೋಗಿ ಎಂಟು ವರ್ಷದ ಮೇಲೆ ಅದರ ಮೈ ಹೊಸದಾಗಿ ಸಿಗುತ್ತದೆ ಅಂದರೆ ಯೋಚನೆ ಮಾಡಿ.

ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. 1798 ಸಿಸಿ ಎಂಜಿನ್, ಹೆಚ್ಚಿನವುಗಳಲ್ಲಿ ಎರಡು ಕಾರ್ಬುರೇಟರ್, ಕಂಪ್ಯೂಟರ್ ಇಲ್ಲ. ನಮ್ಮೂರಲ್ಲಿ ಅಂಬಾಸಿಡರ್ ರಿಪೇರಿ ಮಾಡಿದ ಮೆಕ್ಯಾನಿಕ್ ಇದನ್ನು ನೋಡಿದರೆ ನಕ್ಕು ಸ್ಪ್ಯಾನರ್ ಎತ್ತಿಕೊಳ್ಳುತ್ತಾನೆ. ಯಾಕೆ ಗೊತ್ತಾ? ಹಳೇ ಅಂಬಾಸಿಡರ್‌ಗಳಲ್ಲಿ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಬ್ರಿಟನ್ನಿನ ಬಿಎಂಸಿ ಕಂಪನಿಯ ಇದೇ ಬಿ-ಸೀರೀಸ್ ಎಂಜಿನ್ ಮನೆತನದ್ದು. ಎಂಜಿಬಿಯದು ಅದರ ಅಣ್ಣ ಅನ್ನಬಹುದು.

ದಿನಾ ಓಡಿಸಲು ಎಂಜಿಬಿ ತಗೊಳ್ಳುವುದಾದರೆ ಯಾವುದು? ನಾನು ಹೇಳುವುದು ಜಿಟಿ. ತಗಡಿನ ಟಾಪ್ ಇರುವ, ಹಿಂದೆ ಬಾಗಿಲು ತೆರೆಯುವ ಮಾದರಿ. 1965ರಲ್ಲಿ ಬಂದದ್ದು. ಟಾಪ್ ಬಿಚ್ಚುವ ರೋಡ್‌ಸ್ಟರ್‌ಗಿಂತ ಬೆಲೆಯೂ ಕಡಿಮೆ. ಇಲ್ಲಿನ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗೆ ಒಮ್ಮೆಲೇ ಸುರಿದು ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ಹಿಡಿದರೆ ಜಿನುಗುತ್ತಲೇ ಇರುತ್ತದೆ. ಅದರಲ್ಲಿ ದಿನಾ ಓಡಾಡಲು ತಲೆ ಮೇಲೊಂದು ಗಟ್ಟಿ ಸೂರು ಬೇಕು.

ಇನ್ನೊಂದು, ಓವರ್‌ಡ್ರೈವ್ ಇರುವುದನ್ನೇ ಹುಡುಕಿ. ಎಂಜಿಬಿಗೆ ನಾಲ್ಕೇ ಗೇರು. ಓವರ್‌ಡ್ರೈವ್ ಅಂದರೆ ಒಂದು ಸ್ವಿಚ್. ಒತ್ತಿದರೆ ನಾಲ್ಕನೇ ಗೇರಿಗೆ ಮೇಲೊಂದು ಗೇರು ಸಿಕ್ಕ ಹಾಗೆ ಎಂಜಿನ್ ಸುತ್ತು ಇಳಿಯುತ್ತದೆ, ಗದ್ದಲ ತಗ್ಗುತ್ತದೆ. ಇದಿಲ್ಲದೆ ಮೋಟರ್‌ವೇಯಲ್ಲಿ ಒಂದು ಗಂಟೆ ಓಡಿಸಿ ಇಳಿದರೆ ಕಿವಿಯಲ್ಲಿ ಇನ್ನೂ ಎಂಜಿನ್ ಓಡುತ್ತಿರುತ್ತದೆ.

ಆದರೆ ಎಂಜಿಬಿ ನಿಮ್ಮಿಂದ ಸೇವೆ ಕೇಳುತ್ತದೆ. ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್‌ಪಿನ್‌ಗಳಿಗೆ ಪ್ರತಿ 3,000 ಮೈಲಿಗೆ ಗ್ರೀಸ್ ಹೊಡೆಯಬೇಕು. ವಾಲ್ವ್‌ಗಳನ್ನು ತೆರೆಯುವ ಟ್ಯಾಪೆಟ್‌ಗಳ ಸಂದು ಸರಿಮಾಡಬೇಕು. ಕಾರ್ಬುರೇಟರ್‌ಗೆ ಎಣ್ಣೆ ನೋಡಬೇಕು. ಬ್ರಿಟನ್‌ನಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೇ ಎಂಜಿನ್‌ನಲ್ಲಿ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಹಾಗಾಗಿ ಸಿಲಿಂಡರ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಅಂತ ಕೇಳಿ, ಬಿಲ್ ತೋರಿಸಲು ಹೇಳಿ. ವಾರಾಂತ್ಯದಲ್ಲಿ ಒಂದೆರಡು ಗಂಟೆ ಕೈ ಕಪ್ಪು ಮಾಡಿಕೊಳ್ಳುವುದು ನಿಮಗೆ ಖುಷಿಯಾ? ಹಾಗಿದ್ದರೆ ಇದು ನಿಮ್ಮ ಕಾರು. ಅಲ್ಲ ಅಂದರೆ ಮುಂದೆ ನೋಡಿ.

[ದೃಶ್ಯ: ಎಂಎಕ್ಸ್-5. ಹೆಡ್‌ಲೈಟ್‌ಗಳು ಕಣ್ಣು ತೆರೆದಂತೆ ಮೇಲೇಳುತ್ತವೆ.]

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಕಾರು ಪತ್ರಕರ್ತ ಮಾಜ್ದಾದ ಕೆನಿಚಿ ಯಮಮೊಟೊ ಅವರ ಮುಂದೆ ಒಂದು ಮಾತು ಹೇಳಿದರು. ಬ್ರಿಟಿಷರ ಹಳೇ ಥರದ ಹಗುರ, ಸರಳ ರೋಡ್‌ಸ್ಟರ್ ಒಂದನ್ನು ನೀವು ಮಾಡಬೇಕು ಅಂತ. ಹತ್ತು ವರ್ಷದ ಮೇಲೆ, 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಎಂಎಕ್ಸ್-5 ಕಾಣಿಸಿತು. ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಎರಡೇ ಸೀಟು, ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. ಅದೇ ಹಳೇ ರುಚಿ, ಮಳೆಗೆ ಹೆದರದ ವೈರಿಂಗ್ ಜೊತೆಗೆ.

ನನಗೆ ಇದರ 1.6 ಎಂಜಿನ್‌ನಲ್ಲಿ ತುಂಬಾ ಹಿಡಿಸಿದ್ದು ಒಂದು ವಿಷಯ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ ಬದಲಿಸಬೇಕು. ಮರೆತು ತುಂಡಾದರೂ ವಾಲ್ವ್ ಪಿಸ್ಟನ್‌ಗೆ ತಾಗುವುದಿಲ್ಲ. ಕಾರು ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ಹೊಸ ಬೆಲ್ಟ್ ಹಾಕಿ ಮತ್ತೆ ಹೊರಡಬಹುದು. ಆಗ 944 ಬಗ್ಗೆ ಹೇಳಿದ್ದು ನೆನಪಿದೆ ಅಲ್ವಾ?

ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡಿ. 1991ರ ಮಧ್ಯದವರೆಗಿನ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ, ಅಂದರೆ ಎಂಜಿನ್‌ನ ತಿರುಗುವ ಮುಖ್ಯ ದಂಡದ, ಮುಂದಿನ ಮೂಗು ಗಿಡ್ಡ. ಬೆಲ್ಟ್ ಬದಲಿಸುವಾಗ ಅಲ್ಲಿನ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಪುಲ್ಲಿಯನ್ನು ಹಿಡಿದಿಡುವ ಕೀಲಿ ಕೂರುವ ತೋಡು ಸವೆದು ಪುಲ್ಲಿ ಅಲ್ಲಾಡುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಸ್ಟಾರ್ಟ್ ಮಾಡಿಸಿ, ಮುಂದಿನಿಂದ ಬಗ್ಗಿ ಆ ಪುಲ್ಲಿಯನ್ನೇ ನೋಡಿ. ತಿರುಗುವಾಗ ಓಲಾಡಿದರೆ ಆ ಕಾರು ಬೇಡ. ಸ್ಟಾರ್ಟ್ ಆದಾಗ ಟಕಟಕ ಶಬ್ದ ಬಂದರೆ ಹೆದರಬೇಡಿ. ಅದು ಹೈಡ್ರಾಲಿಕ್ ಟ್ಯಾಪೆಟ್‌ಗಳ ಸದ್ದು. ಎಷ್ಟೋ ಸಲ ಆಯಿಲ್ ಬದಲಿಸಿದರೆ ಸರಿಹೋಗುತ್ತದೆ.

ಇನ್ನು ಲಂಡನ್‌ನಲ್ಲಿರುವವರಿಗೆ. ಇದನ್ನು ಕೇಳದೆ ದುಡ್ಡು ಕೊಡಬೇಡಿ. ಅಲ್ಲಿ ಯುಲೆಜ್ ಎಂಬ ಹೊಗೆ ನಿಯಮವಿದೆ. 2023ರ ಆಗಸ್ಟ್ 29ರಿಂದ ಇಡೀ ಲಂಡನ್‌ಗೆ ಅನ್ವಯ. ಯೂರೋ 4 ಮಟ್ಟ ಮುಟ್ಟದ ಪೆಟ್ರೋಲ್ ಕಾರು ಓಡಿಸಿದ ಪ್ರತಿ ದಿನಕ್ಕೆ 12.50 ಪೌಂಡ್. 1990ರ ಎಂಎಕ್ಸ್-5 ಆ ಮಟ್ಟ ಮುಟ್ಟುವುದಿಲ್ಲ. ತಿಂಗಳಿಗೆ 20 ದಿನ ಓಡಿಸಿದರೆ 250 ಪೌಂಡ್ ಅಲ್ಲಿಗೇ ಹೋಯಿತು. ಆದರೆ 40 ವರ್ಷ ದಾಟಿ ಹಿಸ್ಟಾರಿಕ್ ಎಂದು ನೋಂದಣಿಯಾದ ಕಾರಿಗೆ ಇದು ಇಲ್ಲ. ಅಂದರೆ ಎಂಎಕ್ಸ್-5ಗಿಂತ ಹಳೆಯದಾದ ಎಂಜಿಬಿಗೆ ಯುಲೆಜ್ ಇಲ್ಲ, ವರ್ಷದ ರಸ್ತೆ ತೆರಿಗೆಯೂ ಇಲ್ಲ. ಹಾಗಾಗಿ ಲಂಡನ್ ಒಳಗೆ ಇರುವವರಿಗೆ ನಾನು ಎಂಜಿಬಿ ಜಿಟಿ ಅನ್ನುತ್ತೇನೆ. ಹೊರಗೆ ಇರುವವರಿಗೆ, ಎರಡನೇ ಯೋಚನೆ ಇಲ್ಲದೆ ಎಂಎಕ್ಸ್-5.

ಪೆಟ್ರೋಲ್ ಬಗ್ಗೆ ಒಂದು ಸಾಲು. ನಮ್ಮಲ್ಲಿ ಇ20 ಬಂದ ಹಾಗೆ ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10 ಆಗಿದೆ. ಎಥೆನಾಲ್ ಹಳೇ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಬಂಕಿನಲ್ಲಿ ಸ್ವಲ್ಪ ಜಾಸ್ತಿ ಕೊಟ್ಟು ಎಥೆನಾಲ್ ಕಡಿಮೆ ಇರುವ ಇ5 ಹಾಕಿಸಿ.

[ದೃಶ್ಯ: ಲ್ಯಾಪ್‌ಟಾಪ್ ಪರದೆ. ಒಂದು ಕಾರಿನ ಎಂಒಟಿ ಇತಿಹಾಸ. ನಂಬರ್ ಮಸುಕು ಮಾಡಿದೆ.]

ಕಾರು ನೋಡಲು ಹೊರಡುವ ಮುಂಚೆ ಮನೆಯಲ್ಲೇ ಕೂತು ಮಾಡುವ ಕೆಲಸ ಇದು. ನಮ್ಮಲ್ಲಿ ಎಫ್‌ಸಿ ಮಾಡಿಸುವ ಹಾಗೆ ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ. 40 ದಾಟಿದ ಕಾರಿಗೆ 2018ರಿಂದ ಇದು ಕಡ್ಡಾಯವಲ್ಲ, ಆದರೂ ಒಳ್ಳೆಯ ಮಾಲೀಕರು ಮಾಡಿಸುತ್ತಾರೆ. ಸರ್ಕಾರದ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ 2005ರಿಂದ ಈಚಿನ ಪರೀಕ್ಷೆಗಳೆಲ್ಲ ಬಿಟ್ಟಿಯಾಗಿ ಕಾಣುತ್ತವೆ. ತುಕ್ಕಿನ ಬಗ್ಗೆ ಯಾವ ವರ್ಷ ಮೊದಲು ಬರೆದರು, ಮುಂದಿನ ವರ್ಷ ಅದನ್ನು ಸರಿಮಾಡಿಸಿದರಾ, ಇಲ್ಲ ಹಾಗೇ ಬಿಟ್ಟರಾ, ಎಲ್ಲ ಅಲ್ಲೇ ಇದೆ.

ಅದರಲ್ಲಿ ನಾನು ಮೊದಲು ನೋಡುವುದು ಮೈಲಿ. ವರ್ಷಕ್ಕೆ 60 ಮೈಲಿ ಓಡಿದ ಕಾರನ್ನು "ತುಂಬಾ ಜೋಪಾನವಾಗಿ ಇಟ್ಟಿದ್ದಾರೆ" ಅಂತ ಜಾಸ್ತಿ ಬೆಲೆಗೆ ಮಾರುತ್ತಾರೆ. ನನಗೆ ಆ ಕಾರು ಬೇಡ. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಕ್ಯಾಲಿಪರ್ ಹಿಡಿದುಕೊಳ್ಳುತ್ತದೆ, ಪೆಟ್ರೋಲ್ ಹಳಸುತ್ತದೆ. ನೀವು ದಿನಾ ಓಡಿಸಲು ಶುರುಮಾಡಿದ ಮೊದಲ ತಿಂಗಳಲ್ಲೇ ಒಂದೊಂದಾಗಿ ಸೋರುತ್ತವೆ. ವರ್ಷಕ್ಕೆ 4,000 ಮೈಲಿ ಓಡಿ, ಡಬ್ಬದ ತುಂಬಾ ಬಿಲ್ ಇರುವ, ಸೀಟು ಸ್ವಲ್ಪ ಸವೆದ ಕಾರು ಸಿಕ್ಕರೆ ಬಿಡಬೇಡಿ.

ಊರಿನಿಂದ ನೋಡುತ್ತಿರುವವರಿಗೆ ಒಂದು ವಿಷಯ. ಭಾರತದಲ್ಲಿ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿ, ವಿಎ ಅಕ್ಷರದ ನಂಬರ್ ಪ್ಲೇಟ್ ಪಡೆಯಬಹುದು. ಆದರೆ ಹಾಗೆ ನೋಂದಣಿಯಾದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬೆಂಗಳೂರಿನಲ್ಲಿ ಆಫೀಸಿಗೆ ಓಡಿಸುವ ಆಸೆ ಇದ್ದರೆ ಇದನ್ನು ಮೊದಲೇ ತಿಳಿದುಕೊಳ್ಳಿ.

[ದೃಶ್ಯ: ಎಂಎಕ್ಸ್-5ನ ಹಿಂಬದಿ. ಟಾಪ್ ಅರ್ಧ ಮಡಚಿದೆ.]

ಕೊನೆಗೆ ನಾನು ತಂದದ್ದು ಇದು. 1994ರ ಎಂಎಕ್ಸ್-5, 1.8 ಎಂಜಿನ್. ಈ ಕಾರಿಗೆ ತುಕ್ಕು ಎಲ್ಲಿಂದ ಶುರುವಾಗುತ್ತದೆ ಅಂತ ತೋರಿಸುತ್ತೇನೆ, ಹತ್ತಿರ ಬನ್ನಿ. ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ತೂತಿಗೆ ಇಳಿಯುತ್ತದೆ. ಅಲ್ಲಿಂದ ಕೊಳವೆಯಲ್ಲಿ ನೆಲಕ್ಕೆ. ತರಗೆಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಲ್ಲುತ್ತದೆ. ಒಳಗಿನಿಂದ ಕೊಳೆಯುತ್ತದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಹಿಂದಿನ ಚಕ್ರದ ಮುಂದಿನ ತಗಡು ಹೋಗಿರುತ್ತದೆ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ಪ್ಲಾಸ್ಟಿಕ್ ದಾರ ಇದು. ಮೆಲ್ಲಗೆ ಇಳಿಸಿ. ತುರುಕಬೇಡಿ, ಕೊಳವೆ ಕಿತ್ತುಬರುತ್ತದೆ. ಈಗ ಒಂದು ಲೋಟ ನೀರು ಹಾಕುತ್ತೇನೆ. ಕಾರಿನ ಕೆಳಗೆ ನೋಡಿ. ಎಡಗಡೆ ಬಂತು. ಬಲಗಡೆ... ತಡೀರಿ, ಇನ್ನೊಂದು ಸಲ ದಾರ ಆಡಿಸುತ್ತೇನೆ. ಹಾಂ, ಬಂತು. ಮೊದಲು ಕಪ್ಪು ನೀರು, ಈಗ ತಿಳಿಯಾಯಿತು.